ಎರಡು ಘನ ಮೀಟರಿನ ದೀನಬಂಧು ಗೋಬರ್ ಗ್ಯಾಸ್: ಕೊಳ್ಳುವ ಮುಂಚೆ ಅಳೆದು ನೋಡಬೇಕಾದ್ದು

ನಾಲ್ಕೈದು ದನ ಕಟ್ಟಿರುವ, ಐದಾರು ಜನ ಉಣ್ಣುವ ಮನೆಗೆ 2 ಘನ ಮೀಟರಿನ ದೀನಬಂಧು ಗೋಬರ್ ಗ್ಯಾಸ್ ಇವತ್ತಿಗೂ ಒಳ್ಳೆಯ ಖರೀದಿ. ದೀನಬಂಧು ಎಂದರೆ ನೆಲದೊಳಗೆ ಇಟ್ಟಿಗೆ, ಗಾರೆಯಲ್ಲಿ ಕಟ್ಟುವ ಗುಮ್ಮಟ. ಸಗಣಿ, ನೀರು ಕಲಸಿದ ಬಗ್ಗಡ ಒಳಗೆ ಕೊಳೆತು ಅನಿಲ ನೆತ್ತಿಯಲ್ಲಿ ಸೇರುತ್ತದೆ, ಅನಿಲ ಒತ್ತಿದ ಬಗ್ಗಡ ಪಕ್ಕದ ಹೊರಗುಂಡಿಗೆ ಏರುತ್ತದೆ. ಆದರೆ ಇದು ಅಂಗಡಿಯಿಂದ ಡಬ್ಬಿಯಲ್ಲಿ ಬರುವ ಸಾಮಾನಲ್ಲ. ನಕ್ಷೆ ಎಲ್ಲರಿಗೂ ಒಂದೇ. ಅದೇ ನಕ್ಷೆಯಲ್ಲಿ ಒಬ್ಬ ಮೇಸ್ತ್ರಿ ಕಟ್ಟಿದ್ದು ಇಪ್ಪತ್ತು ವರ್ಷ ಉರಿಯುತ್ತದೆ, ಇನ್ನೊಬ್ಬ ಕಟ್ಟಿದ್ದು ಎರಡನೇ ಮಳೆಗಾಲಕ್ಕೆ ಸೋರುತ್ತದೆ. ಹಾಗಾಗಿ ಇಲ್ಲಿ ನಕ್ಷೆಯ ಜೊತೆಗೆ ಗಾರೆ ಕೆಲಸ, ಪೈಪು, ಒಲೆ, ದಿನದ ಸಗಣಿ, ಕಟ್ಟಿಕೊಟ್ಟವರ ಸೇವೆ ಎಲ್ಲವನ್ನೂ ಒಟ್ಟಿಗೇ ತೂಗಿ ನೋಡಿದೆ.

ಈ ಗುಮ್ಮಟದ ಹಿಂದೆ ತೈಲ ಆಮದಿನ ಕಥೆ ಇದೆ. ಭಾರತದಲ್ಲಿ ಸಗಣಿಯಿಂದ ಅನಿಲ ತೆಗೆಯುವ ಪ್ರಯೋಗ 1930ರ ದಶಕದ ಕೊನೆಯಲ್ಲೇ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಶುರುವಾಗಿತ್ತು. 1951ರಲ್ಲಿ ಜಶ್‌ಭಾಯಿ ಪಟೇಲರು, ಬಗ್ಗಡದ ಮೇಲೆ ತೇಲುತ್ತಾ ಅನಿಲ ಹಿಡಿಯುವ ಡ್ರಮ್ಮಿನ ವಿನ್ಯಾಸ ಮಾಡಿದರು, ಅರವತ್ತರ ದಶಕದ ಆರಂಭದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಊರೂರಿಗೆ ಒಯ್ದಿತು. ಆದರೆ ಸರ್ಕಾರ ಇದನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಬ್ಯಾರೆಲ್‌ಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರ ಹೋದಾಗ ಸೀಮೆಎಣ್ಣೆ, ಡೀಸೆಲ್ಲು, ರಸಗೊಬ್ಬರ ಮೂರೂ ಒಟ್ಟಿಗೆ ದುಬಾರಿಯಾದವು. ಆ ಒತ್ತಡದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಕೇಂದ್ರ ಹುಟ್ಟಿತು. ಹಳೆಯ ಡ್ರಮ್ಮಿನ ಸ್ಥಾವರಗಳು ಅಗತ್ಯಕ್ಕಿಂತ ಆಳವಾಗಿವೆ, ಅಗಲ ಹೆಚ್ಚಿಸಿ ಆಳ ತಗ್ಗಿಸಿದರೆ ಕಡಿಮೆ ಸಾಮಗ್ರಿಯಲ್ಲಿ ಅಷ್ಟೇ ಅನಿಲ ಸಿಗುತ್ತದೆ ಎಂದು ಅಳತೆ ಮಾಡಿ ತೋರಿಸಿದ್ದು ಅಲ್ಲಿನವರು. ಚೀನಾದ ಗುಮ್ಮಟ ಮಾದರಿಯನ್ನು ನೋಡಿ ಉತ್ತರ ಪ್ರದೇಶದ ಅಜಿತಮಲ್‌ನಲ್ಲಿ 1978ರಲ್ಲಿ 'ಜನತಾ' ಎಂಬ ಗುಮ್ಮಟದ ಸ್ಥಾವರ ಬಂತು. 1981-82ರಲ್ಲಿ ಗೋಬರ್ ಗ್ಯಾಸಿನ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಜನತಾದ ಖರ್ಚನ್ನು ಇನ್ನಷ್ಟು ಇಳಿಸಿ 1984ರಲ್ಲಿ ಆಫ್‌ಪ್ರೋ ಎಂಬ ಸ್ವಯಂಸೇವಾ ಸಂಸ್ಥೆ ಕೊಟ್ಟದ್ದೇ ದೀನಬಂಧು. ಈಗಲೂ ದೇಶ ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು. ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ, ಅದರಲ್ಲಿ ಬಹುಪಾಲು ಕೊಲ್ಲಿ ದೇಶಗಳಿಂದ. ಕೊಟ್ಟಿಗೆಯ ಹಿಂದಿನ ಈ ಗುಂಡಿಗೆ ನಲವತ್ತು ವರ್ಷವಾದರೂ ಕೆಲಸ ಮುಗಿದಿಲ್ಲ.

ಮೊದಲು ಸಗಣಿ ತೂಗಿ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿ ಗಾತ್ರ ಹೇಳುವ ಏಜೆಂಟನ್ನು ನಂಬಬೇಡಿ. ಒಂದು ಕಿಲೋ ಹಸಿ ಸಗಣಿಯಿಂದ ಸಿಗುವುದು 36ರಿಂದ 40 ಲೀಟರ್ ಅನಿಲ. 2 ಘನ ಮೀಟರ್ ಎಂದರೆ ದಿನಕ್ಕೆ 2000 ಲೀಟರ್, ಅದಕ್ಕೆ 50 ಕಿಲೋ ಸಗಣಿ ಬೇಕು. ಕಟ್ಟಿ ಮೇಯಿಸುವ ಮಿಶ್ರತಳಿ ಹಸುವಿನಿಂದ ದಿನಕ್ಕೆ 10ರಿಂದ 15 ಕಿಲೋ ಸಿಗುತ್ತದೆ. ಹಗಲೆಲ್ಲ ಗುಡ್ಡದಲ್ಲಿ ಮೇಯುವ ದನದ ಸಗಣಿ ಅರ್ಧ ಗುಡ್ಡದಲ್ಲೇ ಉಳಿಯುತ್ತದೆ. ಮಲೆನಾಡ ಗಿಡ್ಡದಂಥ ಸಣ್ಣ ತಳಿಯಾದರೆ ಇನ್ನೂ ಕಡಿಮೆ. ಒಂದು ವಾರ ಬೆಳಿಗ್ಗೆ ಬಕೆಟ್ಟಿನಲ್ಲಿ ಎತ್ತಿ ತಕ್ಕಡಿಗೆ ಇಟ್ಟು ಬರೆದಿಡಿ, ಸರಾಸರಿ ತೆಗೆಯಿರಿ. 25 ಕಿಲೋ ಬಂದರೆ 1 ಘನ ಮೀಟರಿನದು ಸಾಕು. ಕರು ಬೆಳೆದ ಮೇಲೆ ಬೇಕಾಗುತ್ತದೆ ಎಂದು 4 ಘನ ಮೀಟರ್ ಕಟ್ಟಿ ಅರ್ಧ ಸಗಣಿ ಹಾಕುವವರಿದ್ದಾರೆ. ಆಗ ಬಗ್ಗಡ ಗುಂಡಿಯಲ್ಲಿ ಎರಡು ಪಟ್ಟು ದಿನ ಕೂರುತ್ತದೆ, ಅನಿಲ ಎರಡು ಪಟ್ಟಾಗುವುದಿಲ್ಲ. ದೊಡ್ಡ ಗುಮ್ಮಟದಲ್ಲಿ ಒತ್ತಡವೂ ಏರುವುದಿಲ್ಲ, ಒಲೆ ಸಪ್ಪೆಯಾಗಿಯೇ ಉರಿಯುತ್ತದೆ.

ಅಡುಗೆಗೆ ಒಬ್ಬರಿಗೆ ದಿನಕ್ಕೆ 250ರಿಂದ 300 ಲೀಟರ್ ಎಂದು ಹಿಡಿದರೆ ಆರು ಜನಕ್ಕೆ 1500ರಿಂದ 1800 ಲೀಟರ್. ಒಂದು ಘನ ಮೀಟರ್ ಗೋಬರ್ ಗ್ಯಾಸಿನ ಶಾಖ ಸುಮಾರು 430 ಗ್ರಾಂ ಎಲ್‌ಪಿಜಿಗೆ ಸಮ. ದಿನಕ್ಕೆ 2 ಘನ ಮೀಟರ್ ಪೂರ್ತಿ ಒಲೆಗೆ ಬಂದರೆ 14.2 ಕಿಲೋದ ಒಂದು ಸಿಲಿಂಡರ್ ಹದಿನಾರು ಹದಿನೇಳು ದಿನಕ್ಕೆ ಉಳಿದ ಲೆಕ್ಕ. ಆದರೆ ಪೂರ್ತಿ ಬರುವುದಿಲ್ಲ. ಒಂದೂವರೆ ಘನ ಮೀಟರ್ ದಕ್ಕಿತು ಎಂದುಕೊಂಡರೆ 22 ದಿನಕ್ಕೆ ಒಂದು ಸಿಲಿಂಡರ್, ಇದು ನಂಬಬಹುದಾದ ಲೆಕ್ಕ. ಬಚ್ಚಲ ನೀರು ಕಾಯಿಸುವುದಕ್ಕೂ ಇದನ್ನೇ ನಂಬಿದರೆ ಸಾಲದು. ಅದಕ್ಕೆ ಸೌದೆಯೋ ಸೌರ ಹೀಟರೋ ಬೇರೆ ಇರಲಿ.

ಪೂರ್ತಿ ಬಾರದಿರಲು ಕಾರಣ ದೀನಬಂಧುವಿನ ಹೊಟ್ಟೆ. ಇದರ ಅನಿಲ ಸಂಗ್ರಹ ದಿನದ ಉತ್ಪಾದನೆಯ ಮೂರನೇ ಒಂದು ಪಾಲು ಮಾತ್ರ, ಅಂದರೆ ಸುಮಾರು 660 ಲೀಟರ್. ಗಂಟೆಗೆ 450 ಲೀಟರ್ ಕುಡಿಯುವ ಒಂದು ಬರ್ನರಿಗೆ ಅದು ಒಂದೂವರೆ ಗಂಟೆಯ ಉರಿ. ರಾತ್ರಿ ಎಂಟಕ್ಕೆ ಒಲೆ ಆರಿಸಿ ಬೆಳಿಗ್ಗೆ ಎಂಟಕ್ಕೆ ಹಚ್ಚಿದರೆ ನಡುವಿನ ಹನ್ನೆರಡು ಗಂಟೆಯಲ್ಲಿ ಸಾವಿರ ಲೀಟರ್ ಹುಟ್ಟಿರುತ್ತದೆ, ಹೊಟ್ಟೆಯಲ್ಲಿ ಹಿಡಿಯುವುದು 660. ಮಿಕ್ಕದ್ದು ಹೊರಗುಂಡಿಯಲ್ಲಿ ಗುಳುಗುಳು ಎಂದು ಗುಳ್ಳೆ ಬಿಟ್ಟು ಹೋಗುತ್ತದೆ. ಹಾಗೆ ಹೋಗುವುದರಲ್ಲಿ ಹೆಚ್ಚಿನದು ಮೀಥೇನ್, ವಾತಾವರಣವನ್ನು ಇಂಗಾಲದ ಡೈ ಆಕ್ಸೈಡಿಗಿಂತ ಬಹಳ ಹೆಚ್ಚು ಬಿಸಿ ಮಾಡುವ ಅನಿಲ. ಆದ್ದರಿಂದ ಬೆಳಿಗ್ಗೆ ಆರಕ್ಕೇ ಒಲೆ ಹಚ್ಚುವ, ಮಧ್ಯಾಹ್ನ ಅನ್ನ ಸಾರು ಮಾಡುವ, ಸಂಜೆ ಹಾಲು ಕಾಯಿಸಿ ರಾತ್ರಿ ಮತ್ತೆ ಅಡುಗೆ ಮಾಡುವ ಹಳ್ಳಿ ಮನೆಗೆ ಇದು ಚೆನ್ನಾಗಿ ಹೊಂದುತ್ತದೆ. ಬೆಳಿಗ್ಗೆ ಒಮ್ಮೆಗೇ ಎಲ್ಲ ಬೇಯಿಸಿಟ್ಟು ಕೆಲಸಕ್ಕೆ ಹೋಗುವ ಮನೆಗೆ ಅರ್ಧ ಅನಿಲ ವ್ಯರ್ಥವಾದೀತು. ಈ ಮಾತನ್ನು ಮಾರುವವರು ಹೇಳುವುದೇ ಇಲ್ಲ.

ಕಟ್ಟುವ ಕೆಲಸಕ್ಕೆ ಬರೋಣ. 2 ಘನ ಮೀಟರಿಗೆ ಸುಮಾರು 1000 ಒಳ್ಳೆಯ ಇಟ್ಟಿಗೆ, 14 ಮೂಟೆ ಸಿಮೆಂಟು, ಮರಳು, ಜಲ್ಲಿ, ಸಗಣಿ ಇಳಿಯಲು 6 ಇಂಚಿನ ಒಂದು ಪೈಪು, ಗುಮ್ಮಟದ ನೆತ್ತಿಗೆ ಒಂದು ಜಿಐ ಪೈಪಿನ ತುಂಡು, ಹೊರಗುಂಡಿಯ ಮುಚ್ಚಳಕ್ಕೆ ಆರೇಳು ಕಿಲೋ ಕಬ್ಬಿಣ, ಒಂದು ಲೀಟರ್ ಕಪ್ಪು ಎನಾಮಲ್ ಪೇಂಟ್ ಬೇಕು. ಒಳವ್ಯಾಸ ಸುಮಾರು ಎರಡೂವರೆ ಮೀಟರ್. ಊರಿನ ಇಟ್ಟಿಗೆ, ಸಿಮೆಂಟಿನ ಬೆಲೆ ಹಾಕಿ ನೀವೇ ಖರ್ಚು ಕಟ್ಟಿ ನೋಡಿ. ಗುತ್ತಿಗೆದಾರ ಹೇಳುವ ಮೊತ್ತದಲ್ಲಿ ಕೂಲಿ ಎಷ್ಟು ಎಂಬುದು ಆಗ ತಿಳಿಯುತ್ತದೆ. ಇಟ್ಟಿಗೆ ಸರಿಯಾಗಿ ಬೆಂದಿರಬೇಕು, ಒಂದಕ್ಕೊಂದು ಬಡಿದರೆ ಠಣ್ ಎನ್ನಬೇಕು. ತೂತು ತೂತಾದ ಚಿರೆಕಲ್ಲು ಗುಮ್ಮಟಕ್ಕೆ ಬೇಡ.

ತಳ ಚಪ್ಪಟೆಯಲ್ಲ, ಬಟ್ಟಲಿನಾಕಾರ. ಅದರ ಮೇಲೆ ಅರ್ಧಗೋಲದ ಗುಮ್ಮಟ ಏಳುತ್ತದೆ. ಕೆಳಗೆ ಸೆಂಟ್ರಿಂಗ್ ಇರುವುದಿಲ್ಲ. ನಡುವೆ ಗೂಟ ನೆಟ್ಟು ದಾರ ಕಟ್ಟಿ ಪ್ರತಿ ಇಟ್ಟಿಗೆಯನ್ನೂ ದಾರದ ಅಳತೆಗೆ ಕೂರಿಸಬೇಕು, ಮೇಲಿನ ಸುತ್ತುಗಳಲ್ಲಿ ಇಟ್ಟಿಗೆ ಜಾರದಂತೆ ಕೊಕ್ಕೆಗೆ ಭಾರ ಕಟ್ಟಿ ಹಿಡಿಸಬೇಕು. ಮನೆ ಕಟ್ಟುವ ಒಳ್ಳೆಯ ಮೇಸ್ತ್ರಿಗೂ ಇದು ಮೊದಲ ಸಲ ಬರುವುದಿಲ್ಲ. ಅವನು ಹಿಂದೆ ಕಟ್ಟಿದ, ಕನಿಷ್ಠ ಮೂರು ಮಳೆಗಾಲ ಕಂಡ ಎರಡು ಸ್ಥಾವರಗಳನ್ನು ಹೋಗಿ ನೋಡಿ, ಆ ಮನೆಯ ಹೆಂಗಸರನ್ನು ಕೇಳಿ. ಒಲೆಯ ಮುಂದೆ ನಿಲ್ಲುವವರು ಅವರು.

ಒಳಮೈ ಗಾರೆಯೇ ಇಡೀ ಸ್ಥಾವರದ ಪ್ರಾಣ. ಇಟ್ಟಿಗೆ ಅನಿಲವನ್ನು ತಡೆಯುವುದಿಲ್ಲ, ಗಾರೆ ತಡೆಯುತ್ತದೆ. ಬಗ್ಗಡ ಇರುವ ಕೆಳಭಾಗ ಒಂದು ಪದರದಲ್ಲಿ ನಡೆದೀತು. ಅನಿಲ ನಿಲ್ಲುವ ಮೇಲ್ಭಾಗಕ್ಕೆ 1:3ರ ಗಾರೆ, ಅದರ ಮೇಲೆ ಸಿಮೆಂಟ್ ಹಾಲು, ಮತ್ತೆ ನುಣ್ಣನೆಯ ತೆಳು ಗಾರೆ, ಪೂರ್ತಿ ಒಣಗಿದ ಮೇಲೆ ಎನಾಮಲ್ ಪೇಂಟ್. ಒಂದು ಪದರವನ್ನು ಅದೇ ದಿನ ಮುಗಿಸಬೇಕು. ಇವತ್ತು ಅರ್ಧ, ನಾಳೆ ಅರ್ಧ ಎಂದರೆ ನಡುವಿನ ಕೂಡುಗೆರೆಯಲ್ಲೇ ಮುಂದೆ ಬಿರುಕು ಬರುತ್ತದೆ. ಮರಳಿನಲ್ಲಿ ಮಣ್ಣಿದ್ದರೂ ಹಾಗೆಯೇ. ಒಂದು ಗ್ಲಾಸಿನಲ್ಲಿ ಮರಳು, ನೀರು ಹಾಕಿ ಕದಡಿ ಬಿಟ್ಟರೆ ಮೇಲೆ ಕೂರುವ ಕೆಸರಿನ ದಪ್ಪ ನೋಡಿ ತಿಳಿಯಬಹುದು, ಹೆಚ್ಚಿದ್ದರೆ ತೊಳೆದು ಬಳಸಿ. ಹತ್ತು ಹದಿನಾಲ್ಕು ದಿನ ನೀರು ಹಾಕಿ ಕ್ಯೂರಿಂಗ್ ಮಾಡುವುದನ್ನು ಮೇಸ್ತ್ರಿಗೆ ಬಿಡಬೇಡಿ, ಮನೆಯವರೇ ಮಾಡಿ.

ನೆತ್ತಿಯ ಜಿಐ ಪೈಪು ಗಾರೆಯಲ್ಲಿ ಹೂತಿರುತ್ತದೆ. ಸೋರಿಕೆ ಅತಿ ಹೆಚ್ಚು ಕಾಣುವ ಜಾಗ ಇದೇ. ವಾಲ್ವ್ ಬಿಗಿಯುವಾಗ ಒಂದೇ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಪೈಪೂ ಅದರ ಜೊತೆ ತುಸು ತಿರುಗಿ ಗಾರೆಯಿಂದ ಬಿಟ್ಟುಕೊಳ್ಳುತ್ತದೆ. ಒಂದು ಸ್ಪ್ಯಾನರಿನಲ್ಲಿ ಪೈಪು ಹಿಡಿದು, ಇನ್ನೊಂದರಲ್ಲಿ ವಾಲ್ವ್ ತಿರುಗಿಸಬೇಕು. ಇಷ್ಟು ಸಣ್ಣ ಕೆಲಸದಲ್ಲಿ ಎಷ್ಟೋ ಸ್ಥಾವರಗಳು ಕೆಟ್ಟಿವೆ.

ಸುತ್ತ ಮಣ್ಣು ತುಂಬುವುದನ್ನು ಕೂಲಿಯ ಕೊನೆಯ ಕೆಲಸ ಎಂದು ಹಗುರ ಮಾಡಬಾರದು. ಗುಮ್ಮಟದೊಳಗೆ ಅನಿಲದ ಒತ್ತಡ 90 ಸೆಂಟಿಮೀಟರ್ ನೀರಿನ ಎತ್ತರದವರೆಗೆ ಏರುತ್ತದೆ. ಗಾರೆ ಕೆಲಸಕ್ಕೆ ಹೊರಗಿನಿಂದ ಒತ್ತಿದರೆ ತಡೆಯುವ ಶಕ್ತಿ ಇದೆ, ಒಳಗಿನಿಂದ ಹಿಗ್ಗಿಸಿದರೆ ಇಲ್ಲ. ಹೊರಗಿನ ಮಣ್ಣು ಗಟ್ಟಿಯಾಗಿ ಒತ್ತಿ ಕೂತಿದ್ದರೆ ಮಾತ್ರ ಗುಮ್ಮಟ ಬಿರಿಯದೆ ನಿಲ್ಲುತ್ತದೆ. ಒಂದೊಂದು ಅಡಿ ಪದರ ಹಾಕಿ, ನೀರು ಚಿಮುಕಿಸಿ, ದಿಮ್ಮಿಸಿನಿಂದ ಬಡಿದು ತುಂಬಬೇಕು. ಎರೆಭೂಮಿಯಲ್ಲಿ ಕಟ್ಟುವುದಾದರೆ ಅಲ್ಲಿನ ಕಪ್ಪು ಮಣ್ಣನ್ನೇ ಮತ್ತೆ ತುಂಬಬೇಡಿ. ಅದು ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗೆ ಉಬ್ಬುತ್ತದೆ. ಗರಸು ಮಣ್ಣು ಅಥವಾ ಮರಳು ಮಿಶ್ರಿತ ಮಣ್ಣು ತರಿಸಿ. ತೆಂಗು, ಹಲಸು, ಬಿದಿರು ಹತ್ತಿರ ಇರಬಾರದು, ಬೇರು ಗಾರೆಯನ್ನು ಹುಡುಕಿಕೊಂಡು ಬರುತ್ತದೆ. ಕುಡಿಯುವ ನೀರಿನ ಬಾವಿಯಿಂದ 15 ಮೀಟರ್ ದೂರ ಇರಲಿ. ಕೊಟ್ಟಿಗೆಗೆ ಹತ್ತಿರ, ಬಿಸಿಲು ಬೀಳುವ ಜಾಗ, ಅಡುಗೆಮನೆ 20 ಮೀಟರ್ ಒಳಗೆ.

ಹಣ ಪೂರ್ತಿ ಕೊಡುವ ಮೊದಲು ನೀರಿನ ಪರೀಕ್ಷೆ ಮಾಡಿಸಿ. ವಾಲ್ವ್ ತೆರೆದಿಟ್ಟು ಹೊರಗುಂಡಿಯ ತಳಮಟ್ಟದವರೆಗೆ ನೀರು ತುಂಬಿ, ಒಂದು ದಿನ ಬಿಡಿ. ಮೊದಲ ದಿನ ಇಟ್ಟಿಗೆ ನೀರು ಹೀರಿ ಎರಡು ಮೂರು ಸೆಂಟಿಮೀಟರ್ ಇಳಿಯುವುದು ಸಹಜ. ಮರುದಿನವೂ ಇಳಿದರೆ ಗೋಡೆ ಸೋರುತ್ತಿದೆ. ನಿಂತರೆ ವಾಲ್ವ್ ಮುಚ್ಚಿ ಇನ್ನಷ್ಟು ನೀರು ಹಾಕಿ. ಒಳಗಿನ ಗಾಳಿ ಒತ್ತಿಕೊಂಡು ಹೊರಗುಂಡಿಯಲ್ಲಿ ನೀರು ಮೇಲೆ ನಿಲ್ಲುತ್ತದೆ. ಅಲ್ಲಿ ಗೆರೆ ಹಾಕಿ ಒಂದು ರಾತ್ರಿ ಬಿಟ್ಟು ನೋಡಿ. ಈಗ ಇಳಿದರೆ ಗಾಳಿ ಹೋಗುತ್ತಿದೆ, ಅಂದರೆ ಗುಮ್ಮಟವೋ ನೆತ್ತಿಯ ಪೈಪೋ ಸೋರುತ್ತಿದೆ. ಸಗಣಿ ತುಂಬಿದ ಮೇಲೆ ಈ ದೋಷ ಹುಡುಕುವುದು ಹತ್ತು ಪಟ್ಟು ಕಷ್ಟ.

ಮೊದಲ ಭರ್ತಿಗೆ ಸುಮಾರು 2 ಟನ್ ಸಗಣಿ, ಅಷ್ಟೇ ನೀರು ಬೇಕು: ದಿನಕ್ಕೆ 50 ಕಿಲೋ ಸಗಣಿ, 50 ಲೀಟರ್ ನೀರು, ಬಗ್ಗಡ ಒಳಗೆ 40 ದಿನ ನಿಲ್ಲಬೇಕು ಎಂದರೆ 4000 ಲೀಟರ್. ಇದನ್ನು ಒಂದೇ ಮನೆಯಿಂದ ಕೂಡಿಸುತ್ತಾ ಕೂತರೆ ಹಳೆಯ ಸಗಣಿ ಒಣಗಿ ಸತ್ವ ಹೋಗುತ್ತದೆ. ಅಕ್ಕಪಕ್ಕದವರಿಂದ ಪಡೆದು ಹತ್ತು ಹದಿನೈದು ದಿನದಲ್ಲಿ ಮುಗಿಸಿ. ನಡೆಯುತ್ತಿರುವ ಬೇರೆ ಸ್ಥಾವರದ ಹತ್ತಾರು ಬಿಂದಿಗೆ ಬಗ್ಗಡವನ್ನು ಹೆಪ್ಪಿನಂತೆ ಸೇರಿಸಿದರೆ ಬೇಗ ಕೂಡಿಕೊಳ್ಳುತ್ತದೆ. ಒಂದೆರಡು ವಾರದಲ್ಲಿ ಒತ್ತಡ ಏರುತ್ತದೆ, ಆದರೆ ಮೊದಲು ಬರುವುದು ಹೆಚ್ಚಾಗಿ ಇಂಗಾಲದ ಡೈ ಆಕ್ಸೈಡು, ಉರಿಯುವುದಿಲ್ಲ. ಜೊತೆಗೆ ಪೈಪಿನಲ್ಲಿ ಗಾಳಿಯೂ ಬೆರೆತಿರುತ್ತದೆ. ಎರಡು ಮೂರು ಸಲ ಹೊರಗೆ ಬಿಟ್ಟುಬಿಡಿ. ಬೆಂಕಿಕಡ್ಡಿ ಗೀರಿ ನೋಡುವುದು ಒಲೆಯಲ್ಲಿ ಮಾತ್ರ, ಗುಮ್ಮಟದ ಪೈಪಿನ ಬಾಯಲ್ಲಿ ಎಂದಿಗೂ ಬೇಡ.

ಒಲೆಯ ವಿಷಯದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ಎಲ್‌ಪಿಜಿ ಸ್ಟವ್ವಿನ ಜೆಟ್ಟಿಗೆ ಡ್ರಿಲ್ ಹಾಕಿ ದೊಡ್ಡ ಮಾಡಿಕೊಡುತ್ತೇವೆ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಎಲ್‌ಪಿಜಿಗೆ ಅದರ ಸುಮಾರು 28 ಪಟ್ಟು ಗಾಳಿ ಬೇಕು, ಗೋಬರ್ ಗ್ಯಾಸಿಗೆ ಆರು ಪಟ್ಟಿಗಿಂತ ಕಡಿಮೆ ಸಾಕು. ಜೆಟ್ಟಿನ ತೂತು ಅಲ್ಲಿ ಮುಕ್ಕಾಲು ಮಿಲಿಮೀಟರಿನ ಆಸುಪಾಸು, ಇಲ್ಲಿ 2 ಮಿಲಿಮೀಟರಿಗೂ ಮೇಲೆ. ಗೋಬರ್ ಗ್ಯಾಸಿನ ಜ್ವಾಲೆ ನಿಧಾನದ್ದು, ಬರ್ನರಿನ ತೂತುಗಳು ಸಣ್ಣವಾದರೆ ಅನಿಲ ರಭಸದಿಂದ ಬಂದು ಜ್ವಾಲೆ ಎದ್ದು ಆರಿಹೋಗುತ್ತದೆ. ಜೆಟ್ ಮಾತ್ರ ದೊಡ್ಡದು ಮಾಡಿದ ಒಲೆ ಇದೇ ಕಾರಣಕ್ಕೆ ಪಟಪಟ ಎನ್ನುತ್ತದೆ. ಭಾರತೀಯ ಮಾನಕವಾದ ಐಎಸ್ 8749 ಗುರುತಿನ ಗೋಬರ್ ಗ್ಯಾಸ್ ಒಲೆಯನ್ನೇ ಕೊಳ್ಳಿ. ಎರಕದ ಬರ್ನರ್, ಗಾಳಿ ಹೊಂದಿಸುವ ತಿರುಗಣೆ ಎರಡೂ ಇರಬೇಕು. ಜ್ವಾಲೆ ಹಳದಿಯಾಗಿ ಉದ್ದ ಎದ್ದರೆ ಗಾಳಿ ಹೆಚ್ಚಿಸಿ, ಬರ್ನರಿನಿಂದ ಎದ್ದು ತೇಲಿದರೆ ಕಡಿಮೆ ಮಾಡಿ. ಬೆಳಿಗ್ಗೆ ಒತ್ತಡ ಜಾಸ್ತಿ ಇರುವುದರಿಂದ ಗೇಟ್ ವಾಲ್ವ್ ಅರ್ಧ ಮಾತ್ರ ತೆರೆದು, ಅಡುಗೆ ಸಾಗಿದಂತೆ ಹೆಚ್ಚಿಸಿಕೊಳ್ಳಬೇಕು. ಈ ಏರಿಳಿತ ದೀನಬಂಧುವಿನ ಹುಟ್ಟುಗುಣ. ರೊಟ್ಟಿ, ದೋಸೆ ಮಾಡುವಾಗ ಕೈ ವಾಲ್ವಿನ ಮೇಲಿರಬೇಕಾಗುತ್ತದೆ.

ಅನಿಲದ ಜೊತೆ ನೀರಿನ ಆವಿ ಬರುತ್ತದೆ, ಪೈಪಿನಲ್ಲಿ ತಣ್ಣಗಾಗಿ ನೀರಾಗುತ್ತದೆ. ಅದು ಹರಿದು ಹೋಗಲು ನೂರು ಅಡಿಗೆ ಒಂದು ಅಡಿಯ ಇಳಿಜಾರು ಕೊಟ್ಟು, ಅತಿ ತಗ್ಗಿನ ಜಾಗದಲ್ಲಿ ನೀರು ಬಿಡುವ ನಲ್ಲಿ ಇಡಬೇಕು. ಎರಡು ಕಂಬದ ನಡುವೆ ಜೋತುಬಿದ್ದ ಪೈಪಿನಲ್ಲಿ ನೀರು ನಿಂತು ಜ್ವಾಲೆ ಕುಣಿಯುತ್ತದೆ, ಕಡೆಗೆ ನಿಂತೇ ಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಈ ನಲ್ಲಿ ಬಿಡಿ. ಬಿಸಿಲಿಗೆ ತೋರುವ ಕಡೆ ತೆಳು ಪ್ಲಾಸ್ಟಿಕ್ ಪೈಪು ಒಡೆಯುತ್ತದೆ, ನೆಲದೊಳಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಮೇಲೆ ಜಿಐ ಒಳ್ಳೆಯದು. ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಹಿತ್ತಾಳೆಯನ್ನು ತಿನ್ನುತ್ತದೆ, ನಲ್ಲಿಗಳು ಕೆಲವು ವರ್ಷಕ್ಕೆ ಬಿಗಿಯಾಗುವುದು ಅದರಿಂದ. ಬದಲಿಸುವ ಖರ್ಚು ಲೆಕ್ಕದಲ್ಲಿರಲಿ.

ದಿನದ ಕೆಲಸ ಅರ್ಧ ಗಂಟೆಯದು. ಸಗಣಿಗೆ ಸಮ ನೀರು, ಕೈಯಲ್ಲಿ ಕಿವುಚಿ ಗಂಟು ಒಡೆದು, ಹುಲ್ಲು ಆರಿಸಿ, ಒಂದು ನಿಮಿಷ ನಿಲ್ಲಿಸಿ ಮರಳು ತಳಕ್ಕೆ ಕೂತ ಮೇಲೆ ಒಳಗೆ ಬಿಡಬೇಕು. ಸಮ ನೀರು ಎಂದದ್ದಕ್ಕೆ ಕಾರಣ ಇದೆ: ಹಸಿ ಸಗಣಿಯಲ್ಲಿ ಘನ ಪದಾರ್ಥ ನೂರಕ್ಕೆ 18ರಿಂದ 20, ಗುಂಡಿಗೆ ಬೇಕಾದ್ದು 8ರಿಂದ 10. ಕೊಟ್ಟಿಗೆ ತೊಳೆದ ನೀರೆಲ್ಲ ಒಳಗೆ ಬಿಟ್ಟರೆ ಬಗ್ಗಡ ತೆಳುವಾಗಿ ಸಗಣಿ ತಳಕ್ಕೂ ಹುಲ್ಲು ಮೇಲಕ್ಕೂ ಬೇರೆಯಾಗುತ್ತದೆ, ಮೇಲೆ ಕೆನೆಗಟ್ಟಿ ಅನಿಲ ಏಳುವುದಿಲ್ಲ. ಫಿನಾಯಿಲ್, ಸೋಪಿನ ನೀರು ಹೋಗಲೇಬಾರದು. ಹಸುವಿಗೆ ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಕೊಟ್ಟ ದಿನಗಳ ಸಗಣಿಯನ್ನು ಬೇರೆ ಗುಂಡಿಗೆ ಹಾಕಿ. ಹಳಸಿದ ಅನ್ನ, ತರಕಾರಿ ಸಿಪ್ಪೆ ಒಂದೆರಡು ಕಿಲೋ ಸೇರಿದರೆ ಅನಿಲ ಹೆಚ್ಚುತ್ತದೆ; ಮದುವೆ ಮನೆಯ ಉಳಿಕೆ ಪೂರ ಸುರಿದರೆ ಒಳಗೆ ಹುಳಿಯೇರಿ ಎಲ್ಲ ನಿಲ್ಲುತ್ತದೆ. ಹಾಗಾದರೆ ನಾಲ್ಕೈದು ದಿನ ಏನೂ ಹಾಕದೆ, ಬೇರೆ ಸ್ಥಾವರದ ಬಗ್ಗಡ ತಂದು ಸೇರಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ.

ಮಲೆನಾಡಿನಲ್ಲಿ ಒಂದು ತೊಡಕು ಬೇರೆ ಇದೆ. ಕೊಟ್ಟಿಗೆಗೆ ಸೊಪ್ಪು, ದರಕು (ಒಣಗಿದ ಎಲೆ) ಹಾಸುವ ಪದ್ಧತಿ. ಸೊಪ್ಪಿನಲ್ಲಿ ಬೆರೆತ ಸಗಣಿ ಈ ಗುಂಡಿಗೆ ಬರುವುದಿಲ್ಲ, ಎಲೆ ತೇಲಿ ಗಟ್ಟಿ ಪದರವಾಗಿ ಕೂರುತ್ತದೆ. ಅಂದರೆ ಸ್ಥಾವರಕ್ಕೆ ಮುಂಚೆ ಕೊಟ್ಟಿಗೆಗೆ ಕಲ್ಲು ಅಥವಾ ಕಾಂಕ್ರೀಟ್ ಹಾಸು ಬೇಕು, ಅದರ ಖರ್ಚನ್ನೂ ಸೇರಿಸಿಯೇ ಬಜೆಟ್ ಮಾಡಿ. ಅಡಿಕೆ ತೋಟಕ್ಕೆ ಸೊಪ್ಪಿನ ಗೊಬ್ಬರ ಕಡಿಮೆಯಾಗುತ್ತದೆ ಎಂಬ ಆತಂಕ ನ್ಯಾಯದ್ದೇ. ಅದಕ್ಕೆ ದಾರಿ ಇದೆ: ಹೊರಗುಂಡಿಯ ಬಗ್ಗಡವನ್ನು ಪಕ್ಕದ ಎರಡು ಗೊಬ್ಬರ ಗುಂಡಿಗಳಿಗೆ ಸರದಿಯಲ್ಲಿ ಹರಿಸಿ, ಒಂದು ಪದರ ಸೊಪ್ಪು, ಒಂದು ಪದರ ಬಗ್ಗಡ ಎಂದು ತುಂಬುತ್ತಾ ಹೋಗುವುದು. ಬಗ್ಗಡದ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ ರೂಪದಲ್ಲಿರುತ್ತದೆ, ಬಿಸಿಲಿಗೆ ಹರಡಿ ಒಣಗಿಸಿದರೆ ಆರಿಹೋಗುತ್ತದೆ. ಸೊಪ್ಪು ಅದನ್ನು ಹಿಡಿದಿಡುತ್ತದೆ. ದಿನಕ್ಕೆ ನೂರು ಲೀಟರಿನಷ್ಟು ಬರುವ ಈ ಬಗ್ಗಡವೇ ಅನಿಲಕ್ಕಿಂತ ಹೆಚ್ಚು ಬೆಲೆಯದು ಎನ್ನುವ ತೋಟಿಗರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ.

ಒಲೆ ಹತ್ತದಿದ್ದಾಗ ಗುತ್ತಿಗೆದಾರನಿಗೆ ಫೋನು ಮಾಡುವ ಮುಂಚೆ ಹೊರಗುಂಡಿಯ ಮುಚ್ಚಳ ಸರಿಸಿ ಮಟ್ಟ ನೋಡಿ. ಬಗ್ಗಡ ಮೇಲೇರಿ ನಿಂತಿದ್ದರೆ ಒಳಗೆ ಅನಿಲ ಇದೆ. ದೋಷ ಪೈಪಿನ ನೀರು, ವಾಲ್ವ್, ಕಟ್ಟಿಕೊಂಡ ಜೆಟ್ ಇವುಗಳಲ್ಲಿ ಒಂದು. ಬಗ್ಗಡ ತಳಮಟ್ಟದಲ್ಲಿದ್ದರೆ ಅನಿಲ ಇಲ್ಲ. ಗುಮ್ಮಟದ ವಾಲ್ವನ್ನು ರಾತ್ರಿ ಮುಚ್ಚಿ ಬೆಳಿಗ್ಗೆ ನೋಡಿ: ಮಟ್ಟ ಏರಿದ್ದರೆ ಪೈಪಿನ ಸಾಲು ಸೋರುತ್ತಿತ್ತು ಎಂದರ್ಥ. ಏರದಿದ್ದರೆ ನೆತ್ತಿಯ ಮಣ್ಣು ಬಿಡಿಸಿ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಗುಳ್ಳೆಯೂ ಇಲ್ಲ ಎಂದರೆ ಸಗಣಿಯ ಪ್ರಮಾಣ, ನೀರು, ಚಳಿ ಇವುಗಳ ಕಡೆ ನೋಡಬೇಕು. 35 ಡಿಗ್ರಿಯ ಹತ್ತಿರ ಈ ಜೀವಾಣುಗಳು ಚುರುಕು, 20ಕ್ಕಿಂತ ಕೆಳಗೆ ಮಂಕು. ಆಷಾಢದ ಮಳೆಯಲ್ಲಿ, ಡಿಸೆಂಬರಿನ ಚಳಿಯಲ್ಲಿ ಅನಿಲ ಇಳಿಯುವುದು ಸಹಜ. ಬೆಳಿಗ್ಗೆಯ ಬದಲು ಮಧ್ಯಾಹ್ನ, ಬಿಸಿಲಿಗಿಟ್ಟ ನೀರಿನಲ್ಲಿ ಕಲಸಿ ಹಾಕಿ, ಗುಮ್ಮಟದ ಮೇಲಿನ ಮಣ್ಣಿಗೆ ಹುಲ್ಲು ಹೊದಿಸಿ. ಒಂದು ಮಾತ್ರ ನೆನಪಿರಲಿ: ಏನೇ ಆದರೂ ಗುಂಡಿಯೊಳಗೆ ಯಾರೂ ಇಳಿಯಬಾರದು. ಖಾಲಿ ಮಾಡಿದ ಗುಂಡಿಯಲ್ಲೂ ಉಸಿರಾಡುವ ಗಾಳಿ ಇರುವುದಿಲ್ಲ, ಸಲ್ಫೈಡ್ ಅನಿಲ ಮೂಗಿಗೆ ಗೊತ್ತಾಗುವ ಮೊದಲೇ ಬೀಳಿಸುತ್ತದೆ, ಎತ್ತಲು ಇಳಿದವರೂ ಸಾಯುತ್ತಾರೆ. ಸ್ವಚ್ಛ ಮಾಡಲು ಇಳಿಯಲೇಬೇಕಾದರೆ ಪೂರ್ತಿ ಬಗ್ಗಡ ತೆಗೆಸಿ, ಕೆಲವು ದಿನ ತೆರೆದಿಟ್ಟು, ಬ್ಲೋವರಿನಿಂದ ಗಾಳಿ ಊದಿಸಿ, ಹಗ್ಗ ಕಟ್ಟಿಕೊಂಡು ಮೇಲೆ ಇಬ್ಬರು ನಿಂತ ಮೇಲೆಯೇ. ಹೊರಗುಂಡಿಯ ಮುಚ್ಚಳವನ್ನು ಒಂದು ದಿನವೂ ತೆರೆದಿಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಇದರ ಎದುರಿಗೆ ನಿಲ್ಲುವ ಬೇರೆ ಮಾದರಿಗಳು ಎರಡು. ತೇಲುವ ಡ್ರಮ್ಮಿನದರಲ್ಲಿ ಒತ್ತಡ ಸದಾ ಸುಮಾರು 10 ಸೆಂಟಿಮೀಟರಿನ ಸಮದಲ್ಲಿರುತ್ತದೆ, ಜ್ವಾಲೆ ಕುಣಿಯುವುದಿಲ್ಲ, ಡ್ರಮ್ಮಿನ ಎತ್ತರ ನೋಡಿದರೆ ಎಷ್ಟು ಅನಿಲ ಇದೆ ಎಂದು ಮಕ್ಕಳಿಗೂ ತಿಳಿಯುತ್ತದೆ. ಅನಿಲ ಸಂಗ್ರಹವೂ ದಿನದ ಅರ್ಧದಷ್ಟು. ಊರಲ್ಲಿ ಪಳಗಿದ ಗುಮ್ಮಟದ ಮೇಸ್ತ್ರಿ ಇಲ್ಲವೆಂದರೆ ಇದನ್ನೇ ಕಟ್ಟಿಸಿ. ಆದರೆ ಖರ್ಚಿನ ದೊಡ್ಡ ಪಾಲು ಉಕ್ಕಿನ ಡ್ರಮ್ಮಿಗೇ ಹೋಗುತ್ತದೆ, ವರ್ಷಕ್ಕೊಮ್ಮೆ ಬಣ್ಣ ಬಳಿಯದಿದ್ದರೆ ಬಗ್ಗಡ ಮತ್ತು ಗಾಳಿ ಸೇರುವ ಗೆರೆಯಲ್ಲಿ ತುಕ್ಕು ತಿನ್ನುತ್ತದೆ, ಕರಾವಳಿಯಲ್ಲಂತೂ ಬೇಗ. ಫೈಬರ್ ಡ್ರಮ್ ಆದರೆ ತುಕ್ಕಿಲ್ಲ, ಹಗುರ ಇರುವುದರಿಂದ ಮೇಲೆ ಭಾರ ಇಡಬೇಕು. ಇನ್ನೊಂದು ರಬ್ಬರ್ ಅಥವಾ ಪ್ಲಾಸ್ಟಿಕ್ ಚೀಲದ ಸ್ಥಾವರ. ಒಂದೇ ದಿನದಲ್ಲಿ ಕೂರುತ್ತದೆ, ಬಂಡೆ ನೆಲ ಅಥವಾ ನೀರು ಮೇಲೆ ನಿಲ್ಲುವ ಜಾಗಕ್ಕೆ, ಗೇಣಿಯ ಜಮೀನಿಗೆ ಅದೇ ಸರಿ. ಒತ್ತಡ ಬಹಳ ಕಡಿಮೆ, ಮರಳು ಮೂಟೆ ಹೇರಿದರೂ ದೂರದ ಒಲೆಗೆ ತಲುಪುವುದು ಕಷ್ಟ. ಹೆಗ್ಗಣ, ದನದ ಕೊಂಬು, ಬಿಸಿಲು ಇದರ ವೈರಿಗಳು. ಬೇಲಿ ಮತ್ತು ನೆರಳಿನ ಚಪ್ಪರ ಸೇರಿಸಿಯೇ ಬೆಲೆ ಹೋಲಿಸಿ.

ಇದರಿಂದ ಪಂಪ್‌ಸೆಟ್ ಓಡಿಸಬಹುದು ಎಂದು ಹೇಳಿ ಮಾರುವವರಿಗೆ ಒಂದು ಲೆಕ್ಕ ಹಾಕಿ ತೋರಿಸಿ. ಡೀಸೆಲ್ ಎಂಜಿನ್ನಿಗೆ ಅನಿಲ ಬೆರೆಸಿ ಓಡಿಸಿದರೆ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 450 ಲೀಟರ್ ಬೇಕು. 5 ಎಚ್‌ಪಿ ಎಂಜಿನ್ ಒಂದು ಗಂಟೆಗೇ ನಿಮ್ಮ ಇಡೀ ದಿನದ ಅನಿಲ ಕುಡಿದು ಇನ್ನೂ ಬೇಕೆನ್ನುತ್ತದೆ, ಮೇಲೆ ಸ್ವಲ್ಪ ಡೀಸೆಲ್ಲೂ ಬೇಕು. ಅದು ಊರಿನ ಮಟ್ಟದ ಕೆಲಸ. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಅಸ್ತ್ರದವರು ಊರಿಗೊಂದೇ ದೊಡ್ಡ ಸ್ಥಾವರ ಮಾಡಿ ಮೊದಲು ಎಲ್ಲರ ಮನೆಗೆ ಅಡುಗೆ ಅನಿಲ ಕೊಡಲು ನೋಡಿದರು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. 1987ರಿಂದ ಅದೇ ಅನಿಲದಲ್ಲಿ 5 ಕಿಲೋವಾಟಿನ ಜನರೇಟರ್ ನಡೆಸಿ ಕೊಳವೆಬಾವಿಯಿಂದ ಕುಡಿಯುವ ನೀರೆತ್ತಿದರು, ದೀಪ ಹಚ್ಚಿದರು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಹಣ, ಬಗ್ಗಡವೂ ವಾಪಸು. ಅಡುಗೆಗೆ ಸಾಲದ ಸಗಣಿ ನೀರಿಗೂ ದೀಪಕ್ಕೂ ಸಾಲುತ್ತದೆ ಎಂಬುದು ತೂಕ ಹಾಕಿ ಕಂಡುಕೊಂಡ ಸಂಗತಿ.

ಕೊನೆಗೆ ಸೇವೆ. ಶಿರಸಿ ತಾಲೂಕಿನ ಗೋಬರ್ ಗ್ಯಾಸ್ ಯಶಸ್ಸಿನ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ ನೋಡಿದ ಸ್ಥಾವರಗಳು ಕೆಲಸ ಮಾಡುತ್ತಿದ್ದವು. ದನವೂ ತೋಟವೂ ಇದ್ದ ಮನೆಗಳು ಎಂಬುದರ ಜೊತೆಗೆ, ಕಟ್ಟಿಕೊಡುವವರು ಹಲವರಿದ್ದು ಪೈಪೋಟಿಯಿಂದ ಖಾತರಿ, ದುರಸ್ತಿ ಕೊಡುತ್ತಿದ್ದರು. ನೇಪಾಳವೂ ಒಂದು ತೊಟ್ಟು ತೈಲವಿಲ್ಲದೆ ಎಲ್ಲವನ್ನೂ ಗಡಿಯಾಚೆಯಿಂದ ತರಿಸುವ ದೇಶ. 1992ರಲ್ಲಿ ಶುರುವಾದ ಅಲ್ಲಿನ ಗೋಬರ್ ಗ್ಯಾಸ್ ಕಾರ್ಯಕ್ರಮದಲ್ಲಿ ಒಂದೇ ಗುಮ್ಮಟದ ನಕ್ಷೆಯನ್ನು ಹಿಡಿದು, ಕಟ್ಟಿದ್ದನ್ನು ಅಳೆದು ನೋಡಿ, ತಪ್ಪಿದ ಕಂಪನಿಗೆ ದಂಡ ಹಾಕುವ ಪದ್ಧತಿ ತಂದರು. ನಮ್ಮಲ್ಲಿ ಸಹಾಯಧನದ ಯೋಜನೆಗಳಲ್ಲಿ ಪೂರ್ತಿ ಕಟ್ಟಿ ಕೈಗೊಪ್ಪಿಸುವ ಟರ್ನ್‌ಕೀ ಗುತ್ತಿಗೆಗೆ ಐದು ವರ್ಷದ ಉಚಿತ ನಿರ್ವಹಣೆ ಸೇರಿರುವುದುಂಟು. ಬಹಳ ಜನ ಅದನ್ನು ಕೇಳುವುದೇ ಇಲ್ಲ. ಸಹಾಯಧನದ ಅರ್ಜಿಗೆ ಸಹಿ ಹಾಕುವ ದಿನವೇ ಆ ಐದು ವರ್ಷದ ಖಾತರಿಯನ್ನು ಬರಹದಲ್ಲಿ ಪಡೆಯಿರಿ. ಅದರಲ್ಲಿ ಗುಮ್ಮಟದ ಸೋರಿಕೆ, ನೆತ್ತಿಯ ಪೈಪು, ವಾಲ್ವ್ ಮೂರರ ಹೆಸರೂ ಬೇರೆ ಬೇರೆಯಾಗಿ ಇರಲಿ. ಸ್ಥಾವರ ಮಂಜೂರಾತಿಗೆ ಮೊದಲೇ ಗುಂಡಿ ತೋಡಬೇಡಿ. ಕೂಲಿಯ ಕೊನೆಯ ಕಂತನ್ನು ನೀರಿನ ಪರೀಕ್ಷೆಯ ಕೊನೆಯ ಬೆಳಿಗ್ಗೆ, ಹೊರಗುಂಡಿಯ ಗೆರೆ ಹಾಗೇ ಇದೆಯೆಂದು ಮೇಸ್ತ್ರಿಯ ಜೊತೆ ನಿಂತು ನೋಡಿದ ಮೇಲೆ ಕೊಡಿ.